ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಹಿಂದಿನ ಟೋ-ಇನ್ ಹೊಂದಿಸೋದು

ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಕಾರಿನ ಹಿಂಭಾಗ ಜಾರಿ ಗಿರಕಿ ಹೊಡೆಯುತ್ತಾ? ಹಾಗಾದರೆ ಹಿಂದಿನ ಟೋ-ಇನ್ ಸ್ವಲ್ಪ ಹೆಚ್ಚಿಸಿ ನೋಡಿ. ಅಂದರೆ ಮೇಲಿನಿಂದ ನೋಡಿದಾಗ ಹಿಂದಿನ ಎರಡೂ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರಬೇಕು. 1/10 (ನಿಜವಾದ ಕಾರಿನ ಹತ್ತನೇ ಒಂದು ಅಳತೆಯ) ಟೂರಿಂಗ್ ಕಾರಿಗೆ ಸಾಮಾನ್ಯವಾಗಿ 2ರಿಂದ 3 ಡಿಗ್ರಿ ಸಾಕು.

ಹಿಂದಿನ ಆರ್ಮ್‌ಗಳ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳುಗಳ) ಪಿನ್ನನ್ನು ಮುಂದೊಂದು ಹಿಂದೊಂದು, ಎರಡು ಬ್ಲಾಕ್‌ಗಳು ಹಿಡಿದಿರುತ್ತವೆ. ಹಿಂದಿನ ಬ್ಲಾಕ್ ಅಗಲವಾದಷ್ಟೂ ಟೋ-ಇನ್ ಜಾಸ್ತಿ. ಹಾಗಾಗಿ ಅಗಲವಾದ ಬ್ಲಾಕ್ ಹಾಕಿ, ಇಲ್ಲವೇ ಒಳಗಿನ ಇನ್ಸರ್ಟ್ (ಪಿನ್ ಕೂರುವ ಸಣ್ಣ ತುಂಡು) ಬದಲಿಸಿ, ಎರಡೂ ಕಡೆ ಒಂದೇ ಅಳತೆ ಇರಲಿ. ಒಂದು ಸಲಕ್ಕೆ ಅರ್ಧ ಡಿಗ್ರಿ ಮಾತ್ರ.

ಬದಲಿಸಿದ ಮೇಲೆ ಶಾಕ್ ಅಬ್ಸಾರ್ಬರ್ ಕಳಚಿ ಆರ್ಮ್ ಎತ್ತಿ ಬಿಡಿ, ತನ್ನ ಭಾರಕ್ಕೇ ಪಟ್ಟನೆ ಬೀಳಬೇಕು, ನಡುವೆ ನಿಂತರೆ ಪಿನ್ ಎಲ್ಲೋ ಬಿಗಿಯುತ್ತಿದೆ ಅಂತಲೇ ಅರ್ಥ (ನಾನು ಇದನ್ನು ನೋಡದೆ ಸುಮ್ನೆ ಒಂದು ದಿನ ಹಾಳು ಮಾಡಿಕೊಂಡೆ). ಕ್ಯಾಂಬರ್ (ಹಿಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮತ್ತೆ ಅಳೆಯಿರಿ. ಟೋ-ಇನ್ ತೀರಾ ಜಾಸ್ತಿಯಾದರೆ ನೇರ ದಾರಿಯಲ್ಲಿ ವೇಗ ಕಡಿಮೆ, ಟೈರೂ ಬೇಗ ಸವೆಯುತ್ತದೆ.