ಓದದೆ ಬಿಟ್ಟ ಒಂದು ಸಾಲು

ನನ್ನ ಕಾದಂಬರಿಯ ಮೊದಲ ಕರಡು ಓದಿ ಮುಗಿಸಿದ ಅಕ್ಕ ಒಂದೇ ಮಾತು ಕೇಳಿದಳು: “ಈ ಹುಡುಗಿಗೆ ಭಯವೇ ಇಲ್ವೇನೇ?”

ಕಥೆ ನಡೆಯುವುದು 1816ರ ಇಂಗ್ಲೆಂಡಿನಲ್ಲಿ. ನಾಯಕಿಗೆ ಇಪ್ಪತ್ತು ವರ್ಷ. ತಂದೆತಾಯಿ ಇಲ್ಲ, ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಇದ್ದಾಳೆ. ನನ್ನ ಕರಡಿನಲ್ಲಿ ಮೂರನೇ ಅಧ್ಯಾಯಕ್ಕೇ ಅವಳು ರಾತ್ರಿ ತೋಟಕ್ಕೆ ಬಂದು ನಾಯಕನ ಕೈ ಹಿಡಿದಿದ್ದಳು, ಐದನೆಯದಕ್ಕೆ ಕದ್ದು ಪತ್ರ ಬರೆಯುತ್ತಿದ್ದಳು, ಕೊನೆಗೆ ಇಬ್ಬರೂ ಓಡಿಹೋಗಿ ಮದುವೆಯಾಗುತ್ತಿದ್ದರು. ಗೌನು, ಸಾರೋಟು, ಮೇಣದಬತ್ತಿ ಎಲ್ಲವೂ ಸರಿಯಾಗಿದ್ದವು. ಆದರೆ ಆ ಗೌನಿನೊಳಗೆ ಇದ್ದವಳು ಇವತ್ತಿನ ಹುಡುಗಿ. ಸಿಕ್ಕಿಬಿದ್ದರೆ ಏನೇನು ಕಳೆದುಕೊಳ್ಳುತ್ತಾಳೆ ಎಂದು ನಾನು ಯೋಚಿಸಿರಲೇ ಇಲ್ಲ. ಹೆಸರು ಕೆಟ್ಟರೆ ಅವಳಿಗೆ ಬೇರೆ ಸಂಬಂಧ ಬರುವುದಿಲ್ಲ, ಚಿಕ್ಕಪ್ಪನ ಮಗಳಿಗೂ ಬರುವುದಿಲ್ಲ. ಹಾಗಿರುವಾಗ ಯೋಚನೆಯೇ ಇಲ್ಲದೆ ತೋಟಕ್ಕೆ ಬಂದವಳ ಪ್ರೀತಿಯನ್ನು ಓದುಗರು ಹೇಗೆ ನಂಬಬೇಕು? ಕರಡನ್ನು ಪಕ್ಕಕ್ಕಿಟ್ಟು ಅಂದಿನ ಪತ್ರಗಳನ್ನೂ ದಿನಚರಿಗಳನ್ನೂ ಓದಲು ಕೂತೆ.

ಮೊದಲು ಕೈಕೊಟ್ಟದ್ದು ಹವಾಮಾನ. ಜೂನ್ ತಿಂಗಳ ಬಿಸಿಲಿನಲ್ಲಿ ಇಬ್ಬರನ್ನೂ ಹೊಲದ ದಾರಿಯಲ್ಲಿ ನಡೆಸಿದ್ದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಪರಿಣಾಮವಾಗಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಹಾಳಾದ ಬೆಳೆ. ನನ್ನ ಪಾತ್ರಗಳಿಗೆ ಕಾರಣ ಗೊತ್ತಿರಲು ಸಾಧ್ಯವಿಲ್ಲ, ಸುರಿಯುತ್ತಲೇ ಇರುವ ಮಳೆಯಷ್ಟೇ ಗೊತ್ತು. ವರ್ಷ ಬದಲಿಸೋಣ ಅನ್ನಿಸಿತ್ತು; ಬದಲಿಸದೆ ಇದ್ದದ್ದು ಒಳ್ಳೆಯದಾಯಿತು. ಹೊರಗೆ ಹೋಗುವಂತಿಲ್ಲ, ಹಾಗಾಗಿ ನಾಯಕ ಬಂದಾಗಲೆಲ್ಲ ಚಿಕ್ಕಮ್ಮ ಹೊಲಿಗೆ ಹಿಡಿದು ಕೂತಿರುವ ಕೋಣೆಯಲ್ಲೇ ಕೂರಬೇಕು. ಮೂರನೆಯವರ ಕಿವಿಗೆ ಬೀಳುವಂತೆಯೇ ಪ್ರತಿ ಮಾತನ್ನೂ ಆಡಬೇಕು. ಅಲ್ಲಿಂದ ಸಂಭಾಷಣೆಗೆ ಜೀವ ಬಂತು. “ಈ ಕಿಟಕಿಯಿಂದ ಗಾಳಿ ಬರುತ್ತೆ, ನೀವು ಒಲೆಯ ಹತ್ತಿರ ಕೂರಬಹುದು” ಎನ್ನುವ ಮಾತಿನಲ್ಲಿ ಏನೆಲ್ಲ ಹೇಳಬಹುದು ಎಂದು ನನಗೆ ಗೊತ್ತಾದದ್ದೇ ಆಗ.

ಆಮೇಲೆ ಪತ್ರ. ನಿಶ್ಚಿತಾರ್ಥವಾಗದ ಗಂಡು ಹೆಣ್ಣು ಪತ್ರ ಬರೆದುಕೊಳ್ಳುವುದು ಮರ್ಯಾದಸ್ತರ ಮನೆಯಲ್ಲಿ ಸಲ್ಲದು. ಬರೆದುಕೊಳ್ಳುತ್ತಿದ್ದಾರೆಂದು ಗೊತ್ತಾದರೆ ನಿಶ್ಚಿತಾರ್ಥವಾಗಿದೆ ಎಂದೇ ಜನ ಅಂದುಕೊಳ್ಳುತ್ತಿದ್ದರು. ಕದ್ದು ಬರೆಯುವುದೂ ಸುಲಭವಿಲ್ಲ, ಯಾಕೆಂದರೆ ಅಂಚೆಯ ದುಡ್ಡನ್ನು ಸಾಮಾನ್ಯವಾಗಿ ಪತ್ರ ತೆಗೆದುಕೊಳ್ಳುವವರೇ ಕೊಡಬೇಕಿತ್ತು. ದೇಶದೊಳಗೆ ಎಲ್ಲಿಗೆ ಕಳಿಸಿದರೂ ಒಂದು ಪೆನ್ನಿ ಎನ್ನುವ ವ್ಯವಸ್ಥೆ ಬಂದದ್ದು 1840ರಲ್ಲಿ. ಅದಕ್ಕೆ ಮುಂಚೆ ದೂರ ನೋಡಿ, ಹಾಳೆ ಎಣಿಸಿ ದರ. ನನ್ನ ಕಥೆಯ ಊರು ಲಂಡನ್ನಿನಿಂದ ಸುಮಾರು ನೂರು ಮೈಲಿ ಎಂದಿಟ್ಟುಕೊಂಡಿದ್ದೆ. ಒಂದು ಹಾಳೆಗೆ ಒಂಬತ್ತು ಪೆನ್ಸ್, ಎರಡಾದರೆ ಇಮ್ಮಡಿ. ಅದಕ್ಕೇ ಜನ ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು.

ಈ ಅಡ್ಡ ಬರಹ ಸಿಕ್ಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಹೊಸ ಅಧ್ಯಾಯ ಬರೆದಿದ್ದೆ. ನಾಯಕ ಅವಳಿಗೆ ಬರೆಯುವಂತಿಲ್ಲ, ಆದರೆ ಅವನ ತಂಗಿ ಬರೆಯಬಹುದು. ಲಂಡನ್ನಿನಿಂದ ತಂಗಿಯ ಪತ್ರ ಬರುತ್ತದೆ. ಚಿಕ್ಕಪ್ಪ ಒಂಬತ್ತು ಪೆನ್ಸ್ ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಅಷ್ಟು ದುಡ್ಡು ಕೊಟ್ಟ ಮೇಲೆ ಸುದ್ದಿ ಎಲ್ಲರಿಗೂ ಬೇಕು, ಬೆಳಗಿನ ಊಟದ ಮೇಜಿನಲ್ಲಿ ಅವಳು ಗಟ್ಟಿಯಾಗಿ ಓದುತ್ತಾಳೆ. ಹೊಸ ಟೋಪಿ, ಯಾರದೋ ಮದುವೆ, ಬ್ರೆಡ್ಡಿನ ಬೆಲೆ. ಹಾಳೆ ಅಡ್ಡ ತಿರುಗಿಸುತ್ತಾಳೆ. ಅಕ್ಷರದ ಮೇಲೆ ಅಕ್ಷರ, ಬೆರಳಿಟ್ಟು ನಿಧಾನವಾಗಿ ಬಿಡಿಸಿಕೊಂಡು ಓದಬೇಕು. ಹಾಗೆ ಬಿಡಿಸುತ್ತಿರುವಾಗ ಒಂದು ಸಾಲು: “ನಿನ್ನ ಕೆಮ್ಮು ವಾಸಿಯಾಯಿತೇ ಎಂದು ಅಣ್ಣ ಎರಡು ಸಲ ಕೇಳಿದ. ನಾನು ಬರೆಯುತ್ತೇನೋ ಇಲ್ಲವೋ ಎಂದು ಇಲ್ಲೇ ನಿಂತಿದ್ದಾನೆ.” ಆ ಸಾಲನ್ನು ಬಿಟ್ಟು ಅವಳು ಮುಂದಿನದನ್ನು ಓದುತ್ತಾಳೆ.

ಇಡೀ ಪುಸ್ತಕದಲ್ಲಿ ಅವಳಿಗೆ ಪ್ರೀತಿಯಾಗಿದೆ ಎಂದು ನಾನು ಎಲ್ಲೂ ಬರೆದಿಲ್ಲ. ಓದುವಾಗ ಏನನ್ನೂ ಮುಚ್ಚಿಡದ ಹುಡುಗಿ ಮೊದಲ ಬಾರಿಗೆ ಒಂದು ಸಾಲನ್ನು ತನಗಾಗಿ ಇಟ್ಟುಕೊಂಡಳು. ಅಷ್ಟು ಸಾಕಾಗಿತ್ತು.

ನೃತ್ಯದ ದೃಶ್ಯಗಳನ್ನು ಹೆಚ್ಚು ತಿದ್ದಬೇಕಾಗಲಿಲ್ಲ. ಒಬ್ಬನೇ ಗಂಡಸಿನ ಜೊತೆ ಒಂದೇ ಸಂಜೆ ಎರಡು ಬಾರಿಗಿಂತ ಹೆಚ್ಚು ಕುಣಿದರೆ ಊರೇ ಮಾತಾಡುತ್ತಿತ್ತು. ಹಾಗಾಗಿ ನನ್ನ ನಾಯಕ ಎರಡನೇ ಸರದಿಯನ್ನು ಕೇಳದೆ ಉಳಿಸಿಕೊಂಡು, ಸಂಜೆಯ ಕೊನೆಯ ನೃತ್ಯಕ್ಕೆ ಕೇಳುತ್ತಾನೆ. ಕತ್ತಲೆಯ ರಸ್ತೆಯಲ್ಲಿ ಸಾರೋಟು ಓಡಿಸುವುದು ಕಷ್ಟವೆಂದು ಹಳ್ಳಿಗಾಡಿನವರು ಇಂಥ ಕೂಟಗಳನ್ನು ಹುಣ್ಣಿಮೆಯ ಆಸುಪಾಸಿಗೆ ಇಟ್ಟುಕೊಳ್ಳುತ್ತಿದ್ದರು. ಅವಳು ಚಂದ್ರನನ್ನು ನೋಡಿ ದಿನ ಎಣಿಸುವುದಕ್ಕೆ ನನಗೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ.

ಓಡಿಹೋಗುವ ಅಧ್ಯಾಯವನ್ನು ತೆಗೆದುಹಾಕುವಾಗ ಮಾತ್ರ ಸಂಕಟವಾಯಿತು. 1753ರ ಮದುವೆ ಕಾಯಿದೆಯ ಪ್ರಕಾರ ಇಪ್ಪತ್ತೊಂದು ತುಂಬದವರು ಲೈಸನ್ಸ್ ಪಡೆದು ಮದುವೆಯಾಗಲು ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕು. ಚರ್ಚಿನಲ್ಲಿ ಮೂರು ಭಾನುವಾರ ಕೂಗಿ ಹೇಳಿ ಆಗುವ ಮದುವೆಯನ್ನೂ ಅವರು ಎದ್ದು ನಿಂತು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಸ್ಕಾಟ್ಲೆಂಡಿಗೆ ಈ ಕಾಯಿದೆ ಅನ್ವಯಿಸದ ಕಾರಣ ಗಡಿಯಾಚೆಯ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದರು. ಆದರೆ ಕೆಮ್ಮು ವಾಸಿಯಾಯಿತೇ ಎಂದು ತಂಗಿಯ ಪಕ್ಕ ನಿಂತವನು ಅವಳನ್ನು ರಾತ್ರೋರಾತ್ರಿ ಎಳೆದುಕೊಂಡು ಹೋಗುವವನಲ್ಲ. ಚಿಕ್ಕಪ್ಪ ಒಲ್ಲೆ ಎಂದಾಗ ಅವನು ಅವಳ ಹುಟ್ಟುಹಬ್ಬಕ್ಕೆ ಎಂಟು ತಿಂಗಳು ಕಾಯುತ್ತಾನೆ. ಆ ಎಂಟು ತಿಂಗಳೇ ಪುಸ್ತಕದ ಅರ್ಧ ಭಾಗವಾಯಿತು.

ಇಪ್ಪತ್ತೊಂದು ತುಂಬಿದ ಮೇಲೂ ಅವಳು ತಕ್ಷಣ ಹೂಂ ಅನ್ನುವುದಿಲ್ಲ. ತಾಯಿಯಿಂದ ಬಂದ ಎರಡು ಸಾವಿರ ಪೌಂಡ್ ಅವಳ ಹೆಸರಿನಲ್ಲಿದೆ. ಕರಾರು ಪತ್ರ ಮಾಡಿಕೊಳ್ಳದೆ ಮದುವೆಯಾದರೆ ಅದೆಲ್ಲ ಗಂಡನದಾಗುತ್ತದೆ. ಮದುವೆಯಾದ ಹೆಂಗಸರ ಆಸ್ತಿಯ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. ಹಾಗಾಗಿ ನಾಯಕ ಮಂಡಿಯೂರುವ ಬದಲು ವಕೀಲರು ಬರೆದ ಕರಡನ್ನು ತಂದು ಮೇಜಿನ ಮೇಲಿಡುತ್ತಾನೆ. ದುಡ್ಡು ಅವಳಿಗೇ ಉಳಿಯಬೇಕು, ತಾನು ಮುಟ್ಟುವಂತಿಲ್ಲ ಎಂದು ಅದರಲ್ಲಿದೆ. ಅವಳು ಪ್ರತಿ ಪುಟವನ್ನೂ ಓದುತ್ತಾಳೆ, ಅವನು ಸುಮ್ಮನೆ ಕಾಯುತ್ತಾನೆ. ನಾನು ಬರೆದ ಪ್ರೇಮದ ದೃಶ್ಯಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ಕನ್ನಡದಲ್ಲಿ ಬರೆದದ್ದರಿಂದ ಒಂದು ಅನುಕೂಲವೂ ಇತ್ತು. ಅಂದಿನವರು ‘ಮಿಸ್’ ಎಂದು ಮನೆತನದ ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಸ್ವಂತ ಹೆಸರು ಹಿಡಿಯುವ ಹೊತ್ತಿಗೆ ಎಷ್ಟು ದೂರ ಬಂದಿರುತ್ತಿದ್ದರೋ, ನಮ್ಮ ‘ನೀವು’ ‘ನೀನು’ ಆಗುವುದರಲ್ಲಿ ಅಷ್ಟೂ ಇದೆ. ಮೊದಲ ಕರಡಿನಲ್ಲಿ ಇಬ್ಬರೂ ಎರಡನೇ ಭೇಟಿಗೇ ಏಕವಚನಕ್ಕೆ ಇಳಿದಿದ್ದರು. ಈಗ ಅವನು ಮುನ್ನೂರು ಪುಟ ಬಹುವಚನದಲ್ಲೇ ಮಾತಾಡುತ್ತಾನೆ. ಕರಾರು ಪತ್ರ ಮಡಚಿಟ್ಟು, “ನಿನಗೆ ಚಳಿಯಾಗ್ತಿದೆಯಾ?” ಎಂದು ಮೊದಲು ಏಕವಚನ ಬಳಸುವವಳು ಅವಳು.

ಹೊಸ ಕರಡನ್ನು ಮತ್ತೆ ಅಕ್ಕನಿಗೆ ಕೊಟ್ಟೆ. ಎರಡು ದಿನದ ಮೇಲೆ ಫೋನ್ ಮಾಡಿದವಳು ಕೊನೆಯ ಅಧ್ಯಾಯದ ಮಾತೇ ಎತ್ತಲಿಲ್ಲ. “ಅವಳು ಆ ಸಾಲು ಓದದೆ ಬಿಟ್ಟಳಲ್ಲ, ಚಿಕ್ಕಮ್ಮನಿಗೆ ಗೊತ್ತಾಯ್ತೇನೇ?” ಎಂದಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವತ್ತು ರಾತ್ರಿ ಆ ಪುಟ ತೆಗೆದು ಒಂದು ವಾಕ್ಯ ಸೇರಿಸಿದೆ: ಚಿಕ್ಕಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿ ಒಮ್ಮೆ ತಲೆಯೆತ್ತಿದಳು, ಆಮೇಲೆ ಮತ್ತೆ ಸವರತೊಡಗಿದಳು.