ಒಂದೇ ಸಲಕ್ಕೆ ಕೆಲಸ ಮುಗಿದರೆ ಲಾಭ

ಮನೆ ಸಾಮಾನಿನ ರಿಪೇರಿಯನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವವರು ಮೊದಲು ಕೇಳುವುದು, ‘ಯಾವ್ಯಾವ ಟೂಲ್ ತಗೋಬೇಕು?’ ಅಂತ. ಒಳ್ಳೆ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್), ಸ್ಕ್ರೂಡ್ರೈವರ್ ಸೆಟ್, ಸ್ಪ್ಯಾನರ್, ಕಟಿಂಗ್ ಪ್ಲಯರ್, ಟಾರ್ಚ್. ಶುರುವಿಗೆ ಇಷ್ಟು ಸಾಕು. ದುಡ್ಡು ಸೋರುವುದು ಬೇರೆ ಕಡೆ. ಒಂದು ಸಲ ನೋಡಿ ಬಂದು, ಸ್ಪೇರ್ ಹುಡುಕಿ, ಮತ್ತೆ ಹೋಗಿ ಹಾಕುವಷ್ಟರಲ್ಲಿ ಅರ್ಧ ದಿನ ಮುಗಿಯಿತು. ಕೂಲಿ ಮಾತ್ರ ಒಂದೇ ಕೆಲಸದ್ದು.

ಅದಕ್ಕೇ ನಾನು ಅರ್ಧ ರಿಪೇರಿ ಫೋನಿನಲ್ಲೇ ಮಾಡುತ್ತೇನೆ. ‘ವಾಷಿಂಗ್ ಮಷಿನ್ ಕೆಟ್ಟಿದೆ’ ಅಂದ ತಕ್ಷಣ ಬ್ಯಾಗ್ ಹೆಗಲಿಗೇರಿಸುವುದಿಲ್ಲ. ಮಾಡೆಲ್ ನಂಬರ್ ಇರುವ ಸ್ಟಿಕ್ಕರಿನ ಫೋಟೊ ಕೇಳುತ್ತೇನೆ. ನೀರು ತುಂಬುತ್ತಿಲ್ಲವೋ, ಹೊರಗೆ ಹೋಗುತ್ತಿಲ್ಲವೋ? ಹೋಗದಿದ್ದರೆ ಪಂಪ್ ಗುಂಯ್ ಅನ್ನುತ್ತಾ, ಸದ್ದೇ ಇಲ್ವಾ? ಗುಂಯ್ ಅನ್ನುತ್ತಿದ್ದರೆ ಸಾಮಾನ್ಯವಾಗಿ ಫಿಲ್ಟರ್‌ನಲ್ಲೋ ಪಂಪಿನ ರೆಕ್ಕೆಯಲ್ಲೋ ನಾಣ್ಯ, ಗುಂಡಿ, ಹೇರ್‌ಪಿನ್ ಸಿಕ್ಕಿಕೊಂಡಿರುತ್ತದೆ. ಸದ್ದೇ ಇಲ್ಲದಿದ್ದರೆ ಹೊಸ ಪಂಪ್ ಜೊತೆಗೇ ಹೋಗುವುದು ಮೇಲು.

ಮೊದಲೇ ಎಲ್ಲದಕ್ಕೂ ಕೈ ಹಾಕಬೇಡಿ. ಫ್ಯಾನ್, ಮಿಕ್ಸರ್, ಗೀಸರ್, ವಾಷಿಂಗ್ ಮಷಿನ್ ಹಿಡಿಯಿರಿ. ಇವುಗಳ ಸಣ್ಣ ಸ್ಪೇರ್ ಒಂದು ಡಬ್ಬಿಯಲ್ಲಿ ಹಿಡಿಸುತ್ತವೆ: ಕೆಪಾಸಿಟರ್, ಕಾರ್ಬನ್ ಬ್ರಷ್, ಕಪ್ಲರ್, ಥರ್ಮೋಸ್ಟಾಟ್. ಕೆಪಾಸಿಟರ್ ಬದಲಿಸುವಾಗ ಹಳೆಯದರ ಮೈಕ್ರೋಫ್ಯಾರಡ್ (ಕೆಪಾಸಿಟರಿನ ಅಳತೆ) ಎಷ್ಟಿದೆಯೋ ಅಷ್ಟೇ ಹಾಕಿ.

ಗೀಸರ್ ಕೆಲಸಕ್ಕೆ ಮೀಟರ್ ಓದಲು ಬಂದರೆ ಮುಕ್ಕಾಲು ಪಾಲು ಬಂದಂತೆ. ಮೇನ್ ಆಫ್ ಮಾಡಿ, ನೀರು ಕಾಯಿಸುವ ಎಲಿಮೆಂಟಿನ ವೈರ್ ಕಳಚಿ, ಅದರ ಎರಡು ತುದಿಗೆ ಮೀಟರಿನ ಪ್ರೋಬ್ (ಮುಟ್ಟಿಸುವ ಕಡ್ಡಿ) ಇಡಿ. 230 ವೋಲ್ಟಿನ 2000 ವಾಟ್ ಎಲಿಮೆಂಟಾದರೆ ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಆಮೇಲೆ ಒಂದು ಪ್ರೋಬನ್ನು ಟ್ಯಾಂಕಿನ ಲೋಹಕ್ಕೆ ತಾಗಿಸಿ. ಅಲ್ಲಿ ಓಮ್ ಬಂತು ಅಂದರೆ ಕರೆಂಟ್ ಗೀಸರಿನ ಮೈಗೆ ಸೋರುತ್ತಿದೆ. ನೀರು ಚೆನ್ನಾಗೇ ಬಿಸಿಯಾಗುತ್ತಿದ್ದರೂ ಆ ಎಲಿಮೆಂಟನ್ನು ಹಾಗೇ ಬಿಡಬೇಡಿ, ಬದಲಿಸಿ.

ಮೈಕ್ರೋವೇವ್ ಆಸೆ ಸದ್ಯಕ್ಕೆ ಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಫ್ರಿಜ್ ಗ್ಯಾಸ್ ಕೆಲಸವೂ ಹಾಗೇ, ಬೇರೆ ತರಬೇತಿ ಬೇಕು. ಹಲವು ಫ್ರಿಜ್‌ಗಳಲ್ಲಿರುವ ಆರ್600ಎ ಅಂತೂ ಬೆಂಕಿ ಹತ್ತಿಕೊಳ್ಳುವ ಗ್ಯಾಸ್.

ದುಡ್ಡಿನ ಮಾತು ಬಾಗಿಲಲ್ಲೇ ಮುಗಿಯಲಿ. ನೋಡುವುದಕ್ಕೆ ಇಷ್ಟು, ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲಿ ವಜಾ. ಸುಮ್ನೆ ನೋಡಿ ಬರುವುದು ಉಪಕಾರ, ವ್ಯಾಪಾರ ಅಲ್ಲ. ಬಿಲ್ಲಿನಲ್ಲಿ ಸ್ಪೇರ್ ಬೇರೆ, ಕೂಲಿ ಬೇರೆ ಬರೆಯಿರಿ. ಕಿತ್ತ ಭಾಗವನ್ನು ಗಿರಾಕಿಯ ಕೈಗೇ ಕೊಡಿ. ಬದಲಿಸಿದ್ದೀರೋ ಇಲ್ಲವೋ ಅನ್ನುವ ಅನುಮಾನ ಅಲ್ಲೇ ಹೋಗುತ್ತದೆ. ಹೊಸ ಭಾಗದ ಮೇಲೆ ಮಾರ್ಕರಿನಲ್ಲಿ ತಾರೀಕು ಹಾಕಿ. ಗ್ಯಾರಂಟಿ ನೀವು ಹಾಕಿದ ಭಾಗಕ್ಕೆ ಮಾತ್ರ, ಇಡೀ ಮಷಿನ್ನಿಗಲ್ಲ. ಖರ್ಚು ಹೊಸದರ ಅರ್ಧ ಬೆಲೆ ದಾಟುವ ಹಾಗಿದ್ದರೆ ಬಿಚ್ಚುವ ಮೊದಲೇ ಹೇಳಿ.

ಪ್ರತಿ ಕೆಲಸದ ಮಾಡೆಲ್, ದೋಷ, ಹಾಕಿದ ಸ್ಪೇರ್ ಒಂದು ಪುಸ್ತಕದಲ್ಲಿ ಬರೆದಿಡಿ. ಕೆಲವು ತಿಂಗಳಲ್ಲಿ ಯಾವುದು ಜಾಸ್ತಿ ಹೋಗುತ್ತದೆ ಅಂತ ತಿಳಿಯುತ್ತದೆ. ಅದನ್ನಷ್ಟೇ ಸಗಟಿನಲ್ಲಿ ತನ್ನಿ. ಪಿಸಿಬಿ ಬೋರ್ಡ್ (ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್) ಮಾತ್ರ ತುಂಬಿಸಿಡಬೇಡಿ, ಅದು ಮಾಡೆಲ್‌ಗೊಂದು ಥರ.