ಮಗಳನ್ನ ಸರ್ಕಾರಿ ಶಾಲೆಗೆ ಸೇರಿಸಿದ್ಮೇಲೆ ಶುರುವಾದ ಕೆಲಸ

ಮಗಳನ್ನ ಒಂದನೇ ಕ್ಲಾಸಿಗೆ ಎಲ್ಲಿ ಹಾಕೋದು ಅಂತ ಮನೇಲಿ ತಿಂಗಳುಗಟ್ಟಲೆ ಇದೇ ಮಾತು. ಪ್ರೈವೇಟ್ ಸ್ಕೂಲಿನ ಅರ್ಜಿ ತುಂಬಿ ಇಟ್ಟಾಗಿತ್ತು, ಆದ್ರೂ ಒಂದ್ಸಲ ನೋಡ್ಕೊಂಡು ಬರೋಣ ಅಂತ ಹತ್ತಿರದ ಸರ್ಕಾರಿ ಶಾಲೆಗೆ ಹೋದೆ. ಆಡ್ತಾ ಕಲಿಯೋ ನಲಿ-ಕಲಿ ರೂಮಲ್ಲಿ ಒಂದು, ಎರಡು, ಮೂರನೇ ಕ್ಲಾಸಿನೋರು ಒಟ್ಟಿಗೆ ಕೂತಿದ್ರು, ದೊಡ್ಡ ಹುಡುಗಿ ಒಬ್ಳು ಚಿಕ್ಕವನ ಬೆರಳು ಹಿಡ್ಕೊಂಡು ಕಾರ್ಡಿನ ಮೇಲೆ ಅಕ್ಷರ ತಿದ್ದಿಸ್ತಿದ್ಳು, ಮೇಡಂ ಪಾಪ ಒಬ್ರೇ, ಈ ರೂಮಿಂದ ನಾಲ್ಕು-ಐದನೇ ಕ್ಲಾಸಿನ ರೂಮಿಗೆ ಓಡಾಡ್ತಾನೇ ಇದ್ರು. ಇಲ್ಲಿ ಕಲಿಸೋಕೆ ಬರಲ್ಲ ಅಂತಲ್ಲ, ಕಲಿಸೋರು ಸಾಲ್ತಿಲ್ಲ ಅನ್ನಿಸ್ತು. ಅಲ್ಲೇ ಸೇರಿಸಿದ್ವಿ.

ಆಮೇಲೆ ಎಸ್‌ಡಿಎಂಸಿಗೆ, ಅಂದ್ರೆ ಶಾಲೆ ಉಸ್ತುವಾರಿ ನೋಡ್ಕೊಳ್ಳೋ ಸಮಿತಿಗೆ ಸೇರ್ಕೊಂಡೆ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಪ್ರಕಾರ ಶಾಲೆ ಸಮಿತಿಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರು. ನಮ್ಮ ಪಟ್ಟಿಲಿ ಇದ್ರು, ಸಭೇಲಿ ಇರ್ತಿರ್ಲಿಲ್ಲ, ಯಾಕಂದ್ರೆ ಸಭೆ ಬೆಳಿಗ್ಗೆ 11ಕ್ಕೆ, ಕೂಲಿ ಬಿಟ್ಟು ಯಾರು ಬರೋಕಾಗುತ್ತೆ? ಮೇಡಂನ ಕೇಳ್ಕೊಂಡು ಸಂಜೆ 6ಕ್ಕೆ ಇಡ್ಸಿದೆ, ಮನೆಮನೆಗೆ ಹೋಗಿ ಕರೆದೆ.

ಮೊದಲ ಸಂಜೆ ಸಭೆಗೆ ನಾನು ಸ್ಮಾರ್ಟ್ ಟಿವಿ ಬಗ್ಗೆ ಮಾತಾಡ್ಬೇಕು ಅಂತ ಬರ್ಕೊಂಡು ಹೋಗಿದ್ದೆ. ಒಬ್ಬ ತಾಯಿ ಎದ್ದು, "ಅಕ್ಕಾ, ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ನನ್ ಮಗಳು ಸಂಜೆ ಮನೆಗೆ ಬರೋವರೆಗೂ ನೀರೇ ಕುಡಿಯಲ್ಲ" ಅಂದ್ರು. ಮನೆಗೆ ಬಂದು ನನ್ನ ಮಗಳ ಬಾಟಲಿ ತೆಗೆದು ನೋಡಿದ್ರೆ, ಬೆಳಿಗ್ಗೆ ತುಂಬಿದ್ದ ನೀರು ಹಾಗೇ ಇತ್ತು. ಮಾರನೇ ದಿನ ಚಿಲಕ ಹಾಕ್ಸಿದ್ವಿ.

ಟೀಚರ್ ವಿಷಯ ಅಷ್ಟು ಸುಲಭ ಇರ್ಲಿಲ್ಲ. ನಮ್ಮಲ್ಲಿ 52 ಮಕ್ಕಳು, ಐದನೇವರೆಗಿನ ಶಾಲೇಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಕಾಯ್ದೆ ಅನುಸೂಚಿಲೇ ಇದೆ. ಅದನ್ನ ಶಾಲಾ ಅಭಿವೃದ್ಧಿ ಯೋಜನೇಲಿ ಬರೆಸಿ, ಎಲ್ಲರ ಸಹಿ ಹಾಕ್ಸಿದ್ವಿ. ನಾನೊಬ್ಳೇ ಶಿಕ್ಷಣ ಇಲಾಖೆ ಆಫೀಸಿಗೆ ಹೋದಾಗ "ನೋಡೋಣ" ಅಂದೋರು, 14 ಜನ ತಾಯಂದಿರು ಹೋದಾಗ ಕೂರಿಸಿ ಮಾತಾಡ್ಸಿದ್ರು. ಅತಿಥಿ ಶಿಕ್ಷಕಿ ಬಂದ್ರು.

ಪ್ರೈವೇಟಿಗೆ ಹಾಕಿದೋರ ಮೇಲೆ ನಂಗೇನೂ ಕೋಪ ಇಲ್ಲ, ಆ ಭಯ ನಂಗೂ ಇತ್ತು, ಇಂಗ್ಲಿಷ್ ವಿಷಯದಲ್ಲಿ ಈಗ್ಲೂ ಇದೆ, ರಾತ್ರಿ ಅರ್ಧ ಗಂಟೆ ಕೂರಿಸ್ಕೊಂಡು ಓದಿಸ್ತೀನಿ, ಪಕ್ಕದ್ಮನೆ ಮಕ್ಕಳೂ ಬರ್ತಾರೆ. ಅತಿಥಿ ಶಿಕ್ಷಕಿ ಅವಧಿ ಈ ವರ್ಷಕ್ಕೆ ಮುಗಿಯುತ್ತೆ. ಶಾಲೆ ಶುರುವಾಗೋಕೆ ಮುಂಚೆ ಮತ್ತೆ ಅರ್ಜಿ ಬರೀಬೇಕು, ಈ ಸಲ ಖಾಯಂ ಟೀಚರನ್ನೇ ಕೇಳ್ತೀವಿ.